'ವೀಲ್ ಒಳಗೆ ಹೋಗಿದೆ' ಅಂದರೆ ಯಾವುದು ಒಳಗೆ? ಕ್ಯಾಂಬರ್, ಕ್ಯಾಸ್ಟರ್, ಟೋ ಪದಗಳ ಬಗ್ಗೆ

ಗೆಳೆಯರೇ,

ಒಂದು ಪದದ ಗೊಂದಲದಿಂದ ನನ್ನ ಪಿಕಪ್ಪಿನ ಮುಂದಿನ ಎರಡು ಟೈರು ಹಾಳಾದವು. ಸುಮ್ನೆ ಹೇಳ್ತಿಲ್ಲ. ಮೊದಲು ಕಥೆ ಕೇಳಿ, ಆಮೇಲೆ ಪ್ರಶ್ನೆ.

ನಮ್ಮದು ಸಕಲೇಶಪುರದ ಕಡೆ ಕಾಫಿ ತೋಟ. ಮಳೆಗಾಲದಲ್ಲಿ ತೋಟದೊಳಗಿನ ದಾರಿಯಲ್ಲಿ ಟ್ರ್ಯಾಕ್ಟರ್ ಓಡಾಡಿ ಜಾಡು ಆಳಕ್ಕೆ ಇಳಿಯುತ್ತದೆ. ನಡುವಿನ ದಿಣ್ಣೆ ಗಾಡಿಯ ಹೊಟ್ಟೆಗೆ ತಾಗುತ್ತದೆ. ಅದಕ್ಕೆ ನಮ್ಮ ಇಸುಜು ವಿ-ಕ್ರಾಸನ್ನು 2 ಇಂಚು ಎತ್ತರ ಮಾಡಿಸಿದೆ. (ಮಾಡಿಸಿದ್ದು ಸರಿಯೋ ತಪ್ಪೋ ಅನ್ನುವವರು ಗಾಡಿಯ ಮಾರ್ಪಾಡಿನ ಬಗ್ಗೆ ಹೇಳುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿಕೊಂಡು ಬಂದು ನಿಧಾನವಾಗಿ ಬಯ್ಯಿರಿ.)

ಮೊದಲ ಪದ ಇಲ್ಲೇ ಕಾಲಿಗೆ ತೊಡರಿತು. 'ಲಿಫ್ಟ್ ಮಾಡಿಸಿದೆ' ಅನ್ನುವುದಕ್ಕೆ ಕನ್ನಡವೇ ಇರಲಿ ಅಂತ ನಮ್ಮ ತೋಟದ ರೈಟರ್ (ಲೆಕ್ಕ ಬರೆಯುವವನು) ಹತ್ತಿರ "ಗಾಡಿ ಎತ್ತಿಸಿದೆ ಕಣಯ್ಯ" ಅಂದೆ. ಅವನು ಗಾಬರಿಯಾಗಿ, "ಯಾವ ಸ್ಟೇಷನ್ನಿಗೆ ತಗೊಂಡು ಹೋದ್ರು ಸಾರ್?" ಅಂದ. ಸರಿ ತಾನೆ. ಗಾಡಿ ಎತ್ತುವುದು ಅಂದರೆ ಒಂದೋ ಕಳ್ಳ ಎತ್ತಬೇಕು, ಇಲ್ಲವೋ ನೋ ಪಾರ್ಕಿಂಗಿನಿಂದ ಪೊಲೀಸರು ಎತ್ತಬೇಕು. 'ಎತ್ತರಿಸಿದೆ' ಅಂದರೆ ದನಿ ಎತ್ತರಿಸಿದ ಹಾಗೆ ಕೇಳುತ್ತದೆ. ಗ್ಯಾರೇಜಿನವರು 'ಹೈಟ್ ಮಾಡಿಸೋದು' ಅನ್ನುತ್ತಾರೆ. ನನಗೂ ಅದೇ ಸಾಕು, ಇದಕ್ಕೆ ಬೇರೆ ಪದ ಹುಡುಕುವುದನ್ನು ಬಿಟ್ಟಿದ್ದೇನೆ.

ಹೈಟ್ ಮಾಡಿಸಿದ ಮೇಲೆ ಎರಡು ತೊಂದರೆ ಶುರುವಾದವು. ಹೆದ್ದಾರಿಯಲ್ಲಿ 80ರ ಮೇಲೆ ಗಾಡಿ ನೆಟ್ಟಗೆ ನಿಲ್ಲುತ್ತಿರಲಿಲ್ಲ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗೇ ವಾಪಸ್ ಬರುತ್ತಿರಲಿಲ್ಲ, ನಾವೇ ತಿರುಗಿಸಿ ತರಬೇಕು. ಮುಂದೆ ನಿಂತು ನೋಡಿದರೆ ಎರಡೂ ಚಕ್ರದ ಮೇಲ್ಭಾಗ ಹೊರಗೆ ವಾಲಿ, ಕೆಳಭಾಗ ಒಳಗೆ ಸರಿದಂತೆ ಬರಿಗಣ್ಣಿಗೇ ಕಾಣುತ್ತಿತ್ತು. ಊರಿನ ಒಂದು ಅಲೈನ್‌ಮೆಂಟ್ ಅಂಗಡಿಗೆ ಹೋದೆ. ಅವತ್ತು ಕರೆಂಟಿಲ್ಲ, ಮಿಷನ್ ಓಡುತ್ತಿಲ್ಲ. "ದಾರ ಕಟ್ಟಿ ಮಾಡಿಕೊಡ್ತೀನಿ ಸಾರ್, ಏನು ತೊಂದರೆ?" ಅಂದ ಹುಡುಗ. ನಾನು ಮಾಡಿದ ತಪ್ಪು ಇಷ್ಟೇ: "ವೀಲ್ ಒಳಗೆ ಹೋಗಿದೆ, ಸ್ವಲ್ಪ ಹೊರಗೆ ತೆಗಿ" ಅಂದೆ.

ನಾನು ಹೇಳಿದ್ದು ಚಕ್ರದ ಬುಡ ಒಳಗೆ ಹೋಗಿದೆ ಅಂತ. ಅವನು ತಿಳಿದಿದ್ದು ಚಕ್ರದ ಮುಂಭಾಗ ಒಳಗೆ ತಿರುಗಿದೆ ಅಂತ. ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ತಿರುಗಿಸಿ ಎರಡೂ ಚಕ್ರದ ಮುಂಭಾಗವನ್ನು ಹೊರಕ್ಕೆ ಮಾಡಿ ಕಳಿಸಿದ. ಅವನ ಲೆಕ್ಕದಲ್ಲಿ ಅವನು ಸರಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತೇವಲ್ಲ, ಅದನ್ನು ಸ್ಟೇರಿಂಗ್ ಹಿಡಿದು ಅನುಭವಿಸಿದೆ. ಎಡಚಕ್ರ ಎಡಕ್ಕೆ, ಬಲಚಕ್ರ ಬಲಕ್ಕೆ ಹೋಗಲು ನೋಡುತ್ತಿದ್ದವು. ಕೊಯ್ಲಿನ ಹೊತ್ತಿಗೆ ಎರಡೂ ಟೈರಿನ ಒಳಅಂಚು ಬೋಳಾಗಿತ್ತು.

ಆಮೇಲೆ ಕೂತು ಯೋಚಿಸಿದೆ. 'ವೀಲ್ ಒಳಗಿದೆ' ಅನ್ನುವುದಕ್ಕೆ ಗ್ಯಾರೇಜಿನಲ್ಲಿ ಮೂರು ಅರ್ಥ ಇವೆ. ಮುಂದೆ ನಿಂತು ನೋಡುವವನಿಗೆ ಚಕ್ರದ ತಲೆಯೋ ಬುಡವೋ ಒಳಗಿದೆ, ಅದು ಕ್ಯಾಂಬರ್. ಮೇಲಿನಿಂದ ನೋಡುವವನಿಗೆ ಚಕ್ರದ ಮೂತಿ ಒಳಗಿದೆ; ಅದು ಟೋ. ಇನ್ನು ರಿಮ್ ಬದಲಾಯಿಸುವ ಹುಡುಗರು ಇಡೀ ಚಕ್ರವೇ ಬಾಡಿಯೊಳಗೆ ಸರಿದು ಕೂತಿದೆ ಅನ್ನುವುದಕ್ಕೂ ಇದೇ ಮಾತು ಬಳಸುತ್ತಾರೆ. ಒಳಗೆ, ಹೊರಗೆ ಅನ್ನುವುದು ಕನ್ನಡದಲ್ಲಿ ಗಟ್ಟಿ ಪದಗಳೇ. ಆದರೆ ಯಾವುದು ಒಳಗೆ ಅಂತ ಹೇಳದೆ ಬಿಟ್ಟರೆ ಕೆಲಸ ಕೆಡುತ್ತದೆ.

ತಮಾಷೆ ಏನೆಂದರೆ, ತೊಂದರೆಯ ಲಕ್ಷಣ ಹೇಳುವುದಕ್ಕೆ ನಮ್ಮ ಮೆಕ್ಯಾನಿಕ್‌ಗಳ ಹತ್ತಿರ ಪದಗಳಿಗೆ ಬರವಿಲ್ಲ. ಅದರಲ್ಲೂ ಕ್ರಿಯಾಪದಗಳು! ಟೈರು 'ಸವೆದಿದೆ' ಅನ್ನುವುದು ಬೇರೆ, 'ತಿಂದಿದೆ' ಅನ್ನುವುದು ಬೇರೆ. ಓಡಿ ಓಡಿ ಎಲ್ಲ ಕಡೆ ಸಮವಾಗಿ ಕರಗಿದರೆ ಸವೆದಿದೆ. ಒಂದೇ ಕಡೆ ಹೋಗಿದ್ದರೆ ತಿಂದಿದೆ. "ಹೊರಗಡೆ ತಿಂದಿದೆ ಸಾರ್" ಅಂದ ಕೂಡಲೇ ಅದು ವಯಸ್ಸಿನ ಸವೆತ ಅಲ್ಲ, ಕಾಯಿಲೆ ಅಂತ ತಿಳಿಯುತ್ತದೆ. ತಿಂದಿದ್ದು ಯಾರು? ವಾಕ್ಯದಲ್ಲಿ ಕರ್ತೃವೇ ಇಲ್ಲ. 'ಬಟ್ಟೆ ಇಲಿ ತಿಂದಿದೆ' ಅನ್ನುವಾಗ ಇಲಿಯಾದರೂ ಇರುತ್ತದೆ, ಇಲ್ಲಿ ಅದೂ ಇಲ್ಲ. ವ್ಯಾಕರಣ ಬಲ್ಲವರು ಇದರ ಬಗ್ಗೆ ನಾಲ್ಕು ಮಾತು ಬರೆದರೆ ಸಂತೋಷ.

ಹಾಗೆಯೇ ಗಾಡಿ 'ಎಳೆಯುತ್ತೆ' ಅಂದರೆ ಒಂದೇ ಕಡೆಗೆ ಹೋಗುತ್ತದೆ ಎಂದು ಅರ್ಥ. 'ಅಲೆಯುತ್ತೆ' ಅಂದರೆ ಅತ್ತ ಇತ್ತ ಎರಡೂ ಕಡೆ. ಕಾರಣಗಳೂ ಬೇರೆ ಬೇರೆ. ಎಡಬಲದ ಕೋನಗಳಲ್ಲಿ ವ್ಯತ್ಯಾಸ ಇದ್ದರೆ ಎಳೆಯುತ್ತದೆ, ಕ್ಯಾಸ್ಟರ್ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಯಾವ ಅಕ್ಷದ ಮೇಲೆ ತಿರುಗುತ್ತದೋ ಅದು ಹಿಂದಕ್ಕೆ ವಾಲಿರುವ ಕೋನ) ಕಮ್ಮಿಯಾದರೆ ಅಲೆಯುತ್ತದೆ. ಟೋ ಕೆಟ್ಟ ಟೈರಿನ ಮೇಲೆ ಅಡ್ಡಡ್ಡ ಅಂಗೈ ಆಡಿಸಿ ನೋಡಿ. ಒಂದು ಕಡೆಗೆ ಸವರಿದರೆ ನುಣ್ಣಗಿರುತ್ತದೆ. ವಾಪಸ್ ಸವರಿದರೆ ಪ್ರತಿ ಪಟ್ಟೆಯ ಅಂಚೂ ಗರಗಸದ ಹಲ್ಲಿನ ಹಾಗೆ ಕೈಗೆ ಹತ್ತುತ್ತದೆ. ನಮ್ಮ ಕಡೆ ಇದಕ್ಕೆ 'ಹಲ್ಲು ಬಂದಿದೆ' ಅನ್ನುತ್ತಾರೆ. ಇದಕ್ಕಿಂತ ಒಳ್ಳೆಯ ಪದ ಯಾವ ಸಮಿತಿಗೂ ಹೊಳೆಯಲಿಕ್ಕಿಲ್ಲ.

ಬರ ಇರುವುದು ಕಾಯಿಲೆಯ ಹೆಸರಿಗೆ, ಅಂದರೆ ಆ ಮೂರು ಕೋನಗಳ ಹೆಸರಿಗೆ. ನನ್ನ ಮಗ ಫೋನಿನಲ್ಲಿ ಅನುವಾದ ಹಾಕಿ ನೋಡಿದ. ಟೋ ಅಂದರೆ ಕಾಲ್ಬೆರಳು ಅಂತ ಬಂತು. ಕ್ಯಾಸ್ಟರ್‌ಗೆ ಹರಳೆಣ್ಣೆ ಬಂತು. ಕ್ಯಾಂಬರ್‌ಗೆ ಕಮಾನು.

ಈ ಕಮಾನಿನ ಬಳಿ ಒಂದು ನಿಮಿಷ ನಿಲ್ಲಬೇಕು. ಇಂಗ್ಲಿಷಿನ ಕ್ಯಾಂಬರ್ ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಬಂದದ್ದು, ಬಾಗಿದ್ದು ಅಂತ ಅದರ ಮೂಲ ಅರ್ಥ. ನಮ್ಮ ಕಮಾನು ಪಾರಸಿಯ ಬಿಲ್ಲು. ಕಿವಿಗೆ ಅಕ್ಕತಂಗಿಯರ ಹಾಗೆ ಕೇಳಿದರೂ ಬಂದ ದಾರಿ ಬೇರೆ ಬೇರೆ. ಆದರೆ ಪಿಕಪ್ಪಿನ ವಿಷಯದಲ್ಲಿ ಕಮಾನು ಬಳಸುವ ಹಾಗೇ ಇಲ್ಲ. ಹಿಂಭಾಗದ ಪಟ್ಟಿ ಸ್ಪ್ರಿಂಗಿಗೆ ಆ ಹೆಸರು ಎಂದೋ ಹೋಗಿಬಿಟ್ಟಿದೆ. ಕೆಲವರು ಅದನ್ನು ಬ್ಲೇಡ್ ಅನ್ನುತ್ತಾರೆ, ಪಾಟಾ ಅನ್ನುವವರೂ ಇದ್ದಾರೆ. 'ಪಾಟಾ ಕಟ್ಟಾಗಿ ಬಸ್ ನಿಂತಿತು' ಅಂತ ಪೇಪರಿನಲ್ಲಿ ಓದಿರುತ್ತೀರಿ. 'ಕಮಾನು ಸರಿಮಾಡಿ' ಅಂದರೆ ಮೆಕ್ಯಾನಿಕ್ ಗಾಡಿಯ ಹಿಂದಕ್ಕೆ ಹೋಗಿ ಬಗ್ಗಿ ನೋಡುತ್ತಾನೆ.

ಹೈಟ್ ಮಾಡಿಸಿದರೆ ಈ ಕೋನಗಳು ಯಾಕೆ ಕೆಡುತ್ತವೆ ಅನ್ನುವುದು ಗೊತ್ತಾದರೆ ಹೆಸರಿಡುವುದು ಸುಲಭ. ನಿಮ್ಮ ಕೈಯನ್ನು ಭುಜದ ಮಟ್ಟಕ್ಕೆ ಪಕ್ಕಕ್ಕೆ ಚಾಚಿ. ಈಗ ನಿಧಾನವಾಗಿ ಕೆಳಗಿಳಿಸಿ. ಬೆರಳ ತುದಿ ಮೈಯ ಹತ್ತಿರ ಬರುತ್ತಾ ಹೋಗುತ್ತದೆ, ಅಲ್ವಾ? ಮುಂದಿನ ಚಕ್ರವನ್ನು ಹಿಡಿದಿರುವುದು ಇಂಥ ಎರಡು ಕೈಗಳು, ಒಂದು ಮೇಲೆ, ಒಂದು ಕೆಳಗೆ. ಗಾಡಿಯ ಮೈ ಮೇಲೆ ಹೋದರೆ ಕೈಗಳು ಕೆಳಗೆ ಇಳಿಬೀಳುತ್ತವೆ. ಮೇಲಿನ ಕೈ ಗಿಡ್ಡ, ಕೆಳಗಿನದು ಉದ್ದ. ಹಾಗಾಗಿ ಎರಡೂ ಒಂದೇ ಲೆಕ್ಕದಲ್ಲಿ ಒಳಗೆ ಬರುವುದಿಲ್ಲ, ಚಕ್ರ ವಾಲುತ್ತದೆ. ಚಕ್ರವನ್ನು ತಿರುಗಿಸುವ ಟೈ ರಾಡೂ ಇನ್ನೊಂದು ಕೈಯೇ. ಅದು ಇಳಿಬಿದ್ದಾಗ ಮೂತಿಯೂ ತಿರುಗುತ್ತದೆ. ಚಕ್ರ ಹಿಡಿದಿರುವ ಆ ಮೇಲಿನ, ಕೆಳಗಿನ ಕೈಗಳಿಗೆ ಗ್ಯಾರೇಜಿನಲ್ಲಿ ಆರ್ಮ್ ಅನ್ನುತ್ತಾರೆ; ಆಕಾರದಲ್ಲಿ ಅವು ನಮ್ಮ ಕವೆಗೋಲಿನ ಹಾಗೇ ಇವೆ. ಇಂಗ್ಲಿಷಿನವರು ಕೋಳಿಯ ಎದೆಯ ಮೇಲಿನ ಕವಲುಮೂಳೆ ನೋಡಿ ವಿಶ್‌ಬೋನ್ ಅಂದರು. ನಾವು ಕವೆ ಅನ್ನಬಹುದಿತ್ತು. ಈಗ ಆರ್ಮ್ ಅನ್ನುವುದು ರೂಢಿಯಾಗಿದೆ, ಇರಲಿ.

ನನ್ನ ಸಲಹೆ ಇದು. ಕ್ಯಾಂಬರ್‌ಗೆ 'ವಾಲು'. ಗೋಡೆ ವಾಲಿದೆ, ಕಂಬ ವಾಲಿದೆ ಅನ್ನುತ್ತೇವೆ. ಚಕ್ರವೂ ವಾಲಲಿ. ಆದರೆ ಯಾವ ಕಡೆ ಅನ್ನುವುದನ್ನು ಯಾವಾಗಲೂ ತಲೆಯಿಂದಲೇ ಹೇಳಬೇಕು: ತಲೆ ಒಳಕ್ಕೆ, ತಲೆ ಹೊರಕ್ಕೆ. ಬುಡದ ಮಾತೇ ಬೇಡ, ನನಗೆ ಬುಡದಿಂದಲೇ ನಷ್ಟ ಆಗಿದ್ದು. ಪಾಸಿಟಿವ್, ನೆಗೆಟಿವ್ ಅನ್ನುವುದಕ್ಕೆ ಧನ, ಋಣ ಅಂತ ಹಾಕುವವರಿದ್ದಾರೆ. ಋಣ ಅಂದರೆ ನನಗೆ ಬ್ಯಾಂಕಿನ ಬೆಳೆಸಾಲ ನೆನಪಾಗುತ್ತದೆ. ತಲೆ ಒಳಕ್ಕೆ ಇದ್ದರೆ ಮೈನಸ್, ಹೊರಕ್ಕೆ ಇದ್ದರೆ ಪ್ಲಸ್, ಅಷ್ಟೇ.

ಈ ಪದದ ಇನ್ನೊಂದು ಉಪಯೋಗ, ಗಾರೆ ಕೆಲಸದವರ ತೂಗುಗುಂಡಿನಿಂದ ಮನೆಯಂಗಳದಲ್ಲೇ ಅಳೆಯಬಹುದು. ಗಾಡಿಯನ್ನು ಮಟ್ಟಸವಾದ ನೆಲದಲ್ಲಿ ನಿಲ್ಲಿಸಿ, ಚಕ್ರದ ಪಕ್ಕ ಗುಂಡು ಇಳಿಬಿಡಿ. ದಾರದಿಂದ ರಿಮ್ಮಿನ ಮೇಲಂಚಿಗೆ ಎಷ್ಟು, ಕೆಳಂಚಿಗೆ ಎಷ್ಟು ಅಂತ ನೋಡಿ. ಟೈರಿಗೆ ಅಳೆಯಬೇಡಿ, ಅದರ ಬುಡ ಭಾರಕ್ಕೆ ಉಬ್ಬಿರುತ್ತದೆ. 16 ಇಂಚಿನ ರಿಮ್ಮಿನಲ್ಲಿ ಈ ಎರಡು ಅಳತೆಗೆ 7 ಮಿಲಿಮೀಟರ್ ವ್ಯತ್ಯಾಸ ಬಂದರೆ ಹತ್ತಿರ ಹತ್ತಿರ 1 ಡಿಗ್ರಿ ವಾಲು. ನನ್ನ ಗಾಡಿಯದು 9 ಮಿಲಿಮೀಟರ್ ಇತ್ತು.

ಟೋಗೆ 'ಮೂತಿ'. ಮೂತಿ ಒಳಕ್ಕೆ, ಮೂತಿ ಹೊರಕ್ಕೆ. ಮೆಳ್ಳೆಗಣ್ಣು ಅನ್ನುವುದೂ ಹೊಳೆಯಿತು, ಎರಡೂ ಚಕ್ರ ಒಂದನ್ನೊಂದು ನೋಡುವ ಚಿತ್ರ ಚೆನ್ನಾಗಿದೆ. ಆದರೆ ಮನುಷ್ಯರ ಊನದ ಹೆಸರನ್ನು ಗಾಡಿಗೆ ಅಂಟಿಸುವುದು ನನಗೆ ಇಷ್ಟವಿಲ್ಲ.

ಕ್ಯಾಸ್ಟರ್‌ಗೆ 'ಒರಗು'. ಸೈಕಲ್ಲಿನ ಮುಂದಿನ ಫೋರ್ಕ್ ನೋಡಿ, ನೆಟ್ಟಗೆ ನಿಂತಿರುವುದಿಲ್ಲ, ಸವಾರನ ಕಡೆಗೆ ಒರಗಿಕೊಂಡಿರುತ್ತದೆ. ಹಾಗಿರುವುದರಿಂದಲೇ ಸೀಟು ಹಿಡಿದು ತಳ್ಳಿದರೂ ಸೈಕಲ್ ಮುಂದಕ್ಕೆ ನೇರ ಹೋಗುತ್ತದೆ. ಕಾರು, ಪಿಕಪ್ಪುಗಳಲ್ಲೂ ಸ್ಟೇರಿಂಗ್ ತಾನಾಗೇ ವಾಪಸ್ ಬರುವುದಕ್ಕೆ ಮುಖ್ಯ ಕಾರಣ ಈ ಒರಗು. ಹೈಟ್ ಮಾಡಿಸಿದಾಗ ಅದು ಕಮ್ಮಿಯಾಗುತ್ತದೆ. ಮುಂದಿಗಿಂತ ಹಿಂದೆ ಜಾಸ್ತಿ ಎತ್ತರ ಮಾಡಿದರೆ ಗಾಡಿ ಮೂಗು ತಗ್ಗಿಸಿ ನಿಂತು ಇನ್ನಷ್ಟು ಕಮ್ಮಿಯಾಗುತ್ತದೆ. ಒರಗು ಅನ್ನುವುದು ಹಳೆಯ ಪದ, 1894ರ ಕಿಟ್ಟೆಲ್ ನಿಘಂಟಿನಲ್ಲೂ ಇದೆ. 'ಓರೆ' ಯಾಕೆ ಬೇಡ ಅಂದರೆ, ಓರೆಗೆ ದಿಕ್ಕಿಲ್ಲ. ಒರಗು ಅಂದರೆ ಹಿಂದಕ್ಕೆ ಅನ್ನುವುದು ತಾನೇ ತಿಳಿಯುತ್ತದೆ, ಮುಂದಕ್ಕೆ ಒರಗುವವರು ಯಾರೂ ಇಲ್ಲ.

ಇಡೀ ಅಲೈನ್‌ಮೆಂಟಿಗೆ ಒಂದು ಪದ? ಬೋರ್ಡುಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾಯ್ದೆ ತಿದ್ದುಪಡಿ ಆದಮೇಲೆ ಹೆಚ್ಚಿನ ಅಂಗಡಿಗಳು 'ವೀಲ್ ಅಲೈನ್‌ಮೆಂಟ್' ಅನ್ನುವುದನ್ನೇ ಕನ್ನಡ ಲಿಪಿಯಲ್ಲಿ ಬರೆಸಿವೆ. 'ಚಕ್ರ ಜೋಡಣೆ' ಅಂದರೆ ಬಿಚ್ಚಿಟ್ಟ ಚಕ್ರವನ್ನು ಹಾಕಿಕೊಡುತ್ತಾರೆ ಅನ್ನಿಸುತ್ತದೆ. ನನಗೆ 'ಅಚ್ಚುಕಟ್ಟು' ಆಸೆ ಹುಟ್ಟಿಸಿತ್ತು. ಅಚ್ಚು ಅಂದರೆ ಗಾಡಿಯ ಇರುಸೂ ಹೌದಲ್ಲ. ಆದರೆ ನೀರಾವರಿಯವರು ಅದನ್ನು ಆಗಲೇ ತೆಗೆದುಕೊಂಡಿದ್ದಾರೆ, ಹೇಮಾವತಿ ಅಚ್ಚುಕಟ್ಟು ಅಂತ ದಿನವೂ ಕೇಳುತ್ತೇವೆ. ಇಲ್ಲಿ ಇಂಗ್ಲಿಷೇ ಇರಲಿ.

ಕೊನೆಗೆ ಗಾಡಿ ಸರಿಯಾಗಿದ್ದು ಬೇರೆ ಅಂಗಡಿಯಲ್ಲಿ. ಅಲ್ಲಿಯ ಹಿರಿಯ ಮೆಕ್ಯಾನಿಕ್ ಮಿಷನ್ ನೋಡಿ, "ಕ್ಯಾಂಬರ್ 1 ಡಿಗ್ರಿ 15 ಮಿನಿಟ್ ಔಟ್" ಅಂದರು. ನನ್ನ ತೂಗುಗುಂಡಿನ ಲೆಕ್ಕಕ್ಕೆ ಹತ್ತಿರವೇ ಬಂತು. ಜೊತೆಗಿದ್ದ ರೈಟರ್ ಮಾತ್ರ 15 ನಿಮಿಷದಲ್ಲಿ ಕೆಲಸ ಮುಗಿಯುತ್ತದೆ ಅಂತ ಹೊರಗೆ ಕೂರದೆ ನಿಂತೇ ಇದ್ದ. 1 ಡಿಗ್ರಿಗೆ 60 ಮಿನಿಟ್ ಅಂತ ಅವನಿಗೆ ವಿವರಿಸುವ ಹೊತ್ತಿಗೆ ಊಟದ ಸಮಯವಾಯಿತು. ಈ ಮಿನಿಟಿಗೆ ಕನ್ನಡದ 'ಕಲೆ' ಇದೆ, ಆದರೆ ಪಂಚಾಂಗದ ಹೊರಗೆ ಯಾರಿಗೆ ಅರ್ಥವಾಗಬೇಕು?

ಕೆಲಸದ ಕ್ರಮ ಅವರು ಹೇಳಿದ್ದು: ಮೊದಲು ಒರಗು ಮತ್ತು ವಾಲು, ಮೂತಿ ಕೊನೆಗೆ. ಯಾಕೆಂದರೆ ಮೊದಲೆರಡನ್ನು ಮುಟ್ಟಿದರೆ ಮೂತಿ ಮತ್ತೆ ಕೆಡುತ್ತದೆ. ಇದ್ದ ಬೋಲ್ಟುಗಳಲ್ಲಿ ಹೊಂದಿಸಲು ಸಾಕಷ್ಟು ಜಾಗ ಉಳಿದಿರಲಿಲ್ಲ. ಹೈಟ್ ಮಾಡಿದ ಗಾಡಿಗೆಂದೇ ಮಾಡಿದ ಮೇಲಿನ ಆರ್ಮ್ ಹೊರದೇಶದಿಂದ ತರಿಸಬೇಕಾಯಿತು. ಅದರಲ್ಲಿ ಬಾಲ್ ಜಾಯಿಂಟ್ (ಆರ್ಮ್ ಚಕ್ರದ ಕಡೆಗೆ ಸೇರುವ ಗುಂಡುಕೀಲು) ಸ್ವಲ್ಪ ಹಿಂದಕ್ಕೆ ಸರಿದಿರುತ್ತದೆ, ಹಾಗಾಗಿ ಕಳೆದುಹೋದ ಒರಗು ವಾಪಸ್ ಬಂತು. ಕಡೆಗೆ ಸ್ಟೇರಿಂಗ್ ನೆಟ್ಟಗೆ ಲಾಕ್ ಮಾಡಿ ಮೂತಿ ಹಿಡಿದರು. ನಾನು 'ತಲೆ ಹೊರಕ್ಕೆ ಇದೆ' ಅಂದಾಗ ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಹುಡುಗನಿಗೆ ಅವರೇ "ತಲೆ ಇನ್ನೊಂದು ಚೂರು ಒಳಗೆ ಹಾಕು" ಅಂದರು.

ಈಗ ನನ್ನ ಪ್ರಶ್ನೆಗಳು. ನಿಮ್ಮೂರಿನ ಗ್ಯಾರೇಜುಗಳಲ್ಲಿ ಕ್ಯಾಂಬರ್, ಟೋ ಇವೆರಡನ್ನು ಬೇರೆ ಮಾಡಿ ಹೇಳುವ ಮಾತು ಏನಾದರೂ ಇದೆಯೇ? ಹುಬ್ಬಳ್ಳಿ, ಕಲಬುರಗಿ ಕಡೆಯವರು, ಮಂಗಳೂರಿನ ಲಾರಿಯವರ ನಂಟಿದ್ದವರು ದಯವಿಟ್ಟು ಕೇಳಿ ನೋಡಿ. ಎರಡನೆಯದು, ಎತ್ತಿನಗಾಡಿ ಮಾಡುತ್ತಿದ್ದ ಬಡಗಿಗಳು ಇನ್ನೂ ಯಾರ ಊರಿನಲ್ಲಾದರೂ ಇದ್ದರೆ, ಗಾಲಿ ಇರುಸಿನ ಮೇಲೆ ವಾಲಿ ಕೂತರೆ ಏನನ್ನುತ್ತಿದ್ದರು? ಚಕ್ರಕ್ಕೆ ತಲೆ ಉಂಟೇ, ಮೂತಿ ಉಂಟೇ ಅಂತ ನಗುವವರೂ ಬರೆಯಿರಿ, ಆದರೆ ಬದಲಿ ಪದದ ಜೊತೆ.