ಪದಚರ್ಚೆ: ಗೂಡ್ಸ್ ವ್ಯಾಗನ್ನಿನ ಮೇಲೆ ಉಳಿದುಕೊಂಡ ಹಳೆಯ ಕಂಪನಿಯ ಅಕ್ಷರಗಳಿಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಗೂಡ್ಸ್ ರೈಲುಗಳ ಬಗ್ಗೆ ಕನ್ನಡದಲ್ಲಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಎರಡು ಪದಗಳು ಸಿಗದೆ ಬರವಣಿಗೆ ನಿಂತಿದೆ.

ಮೊದಲನೆಯದು ‘ರಿಪೋರ್ಟಿಂಗ್ ಮಾರ್ಕ್’. ಅಲ್ಲಿ ಪ್ರತಿ ವ್ಯಾಗನ್ನಿನ ಪಕ್ಕೆಯ ಮೇಲೂ ಎರಡರಿಂದ ನಾಲ್ಕು ಅಕ್ಷರಗಳು, ಜೊತೆಗೊಂದು ಸಂಖ್ಯೆ ಇರುತ್ತವೆ. ವ್ಯಾಗನ್ ಯಾರ ಹಳಿಯ ಮೇಲಿದ್ದರೂ ಅದು ಯಾರ ಲೆಕ್ಕದ್ದು ಎಂದು ತಿಳಿಯುವುದು ಈ ಅಕ್ಷರಗಳಿಂದಲೇ. ಕೊನೆಯ ಅಕ್ಷರ ‘ಎಕ್ಸ್’ ಆಗಿದ್ದರೆ ಒಡೆಯರು ರೈಲು ಕಂಪನಿಯವರಲ್ಲ. ಇದನ್ನು ‘ಚಿಹ್ನೆ’ ಎಂದರೆ ಓದುಗರು ಲಾಂಛನವೆಂದುಕೊಂಡಾರು. ಲಾಂಛನಕ್ಕೆ ಬೇರೆಯೇ ಜಾಗವಿರುತ್ತದೆ. ದನಕರುಗಳಿಗೆ ಒಡೆಯನ ಗುರುತಾಗಿ ಹಾಕುತ್ತಿದ್ದ ಮುದ್ರೆಯ ನೆನಪಿನಲ್ಲಿ ಸದ್ಯಕ್ಕೆ ‘ಒಡೆತನದ ಮುದ್ರೆ’ ಎಂದು ಬರೆದಿದ್ದೇನೆ.

ಎರಡನೆಯದು ಇನ್ನೂ ತೊಡಕಿನದು. ಹೆಸರಳಿದ ರೈಲು ಕಂಪನಿಯನ್ನು ಅಲ್ಲಿನ ಹವ್ಯಾಸಿಗಳು ‘ಫಾಲನ್ ಫ್ಲ್ಯಾಗ್’ ಎನ್ನುತ್ತಾರೆ. ‘ಬಿದ್ದ ಬಾವುಟ’ ಎಂದರೆ ಕನ್ನಡದಲ್ಲಿ ಯುದ್ಧವೇ ಕಣ್ಣ ಮುಂದೆ ಬರುತ್ತದೆ. ‘ವಿಲೀನಗೊಂಡ ಕಂಪನಿ’ ಎಲ್ಲಕ್ಕೂ ಹೊಂದುವುದಿಲ್ಲ. ಶಿಕಾಗೊ ಅಂಡ್ ನಾರ್ತ್ ವೆಸ್ಟರ್ನ್ 1995ರಲ್ಲಿ ಯೂನಿಯನ್ ಪೆಸಿಫಿಕ್‌ನೊಳಗೆ ಸೇರಿಹೋಯಿತು, ಸರಿ. ಆದರೆ ರಾಕ್ ಐಲೆಂಡ್ ದಿವಾಳಿಯೆದ್ದು 1980ರ ಮಾರ್ಚ್ ಕೊನೆಗೆ ಓಡಾಟವನ್ನೇ ನಿಲ್ಲಿಸಿತು; ಅದರ ತಿಳಿನೀಲಿ ವ್ಯಾಗನ್‌ಗಳು ಕಂಡವರ ಪಾಲಾದವು. ಕಾನ್‌ರೇಲ್‌ನ ಕಥೆ ಮತ್ತೂ ಸ್ವಾರಸ್ಯವಾದದ್ದು. 1999ರಲ್ಲಿ ಆ ಕಂಪನಿಯನ್ನು ಬೇರೆ ಎರಡು ರೈಲು ಕಂಪನಿಗಳು ಹಂಚಿಕೊಂಡವು. ಅವುಗಳಲ್ಲೊಂದಾದ ನಾರ್ಫೋಕ್ ಸದರ್ನ್ ತನ್ನ ಪಾಲಿನ ಬಂಡಿಗಳಿಗೆ ‘ಪಿಆರ್‌ಆರ್’ ಎಂಬ ಮುದ್ರೆಯನ್ನು ಬಳಸಿತು. ಅದು ಪೆನ್ಸಿಲ್ವೇನಿಯಾ ರೈಲ್‌ರೋಡಿನದು, 1968ರಲ್ಲಿ ಪೆನ್ ಸೆಂಟ್ರಲ್ ಎಂಬ ಹೊಸ ಕಂಪನಿಯಲ್ಲಿ ಸೇರಿಹೋದಾಗಲೇ ಹೆಸರು ಕಳೆದುಕೊಂಡಿದ್ದ ಕಂಪನಿ! ಎಂದರೆ ಅಳಿಯುವುದು ಕಂಪನಿ; ಮುದ್ರೆ ವಾರಸುದಾರರ ಸೊತ್ತಾಗಿ ಚಲಾವಣೆಯಲ್ಲೇ ಇರಬಲ್ಲದು. ಹಾಗಾಗಿ ಕಂಪನಿಗೊಂದು, ಅದರ ಹೆಸರು ಹೊತ್ತು ಓಡುವ ವ್ಯಾಗನ್ನಿಗೊಂದು ಪದ ಬೇಕು. ಕಂಪನಿಗೆ ‘ಅಳಿದ ಕಂಪನಿ’ ಸಾಕು. ವ್ಯಾಗನ್ನಿಗೆ ‘ಅಳಿದುಳಿದ’ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ, ಆದರೆ ಅದಕ್ಕೆ ಚೂರುಪಾರು ಎಂಬ ಅರ್ಥವೇ ಗಟ್ಟಿಯಾಗಿ ಅಂಟಿಕೊಂಡಿದೆ.

ಒಂದು ಪದ ಮಾತ್ರ ತಾನಾಗಿ ಒದಗಿತು. ಧಾನ್ಯ ಸಾಗಿಸುವ ಹಳೆಯ ವ್ಯಾಗನ್ನನ್ನು ಗಮನಿಸಿ: ಪಕ್ಕೆಯ ತುಂಬ ಹಳೆಯ ಕಂಪನಿಯ ಹೆಸರು ಬಿಸಿಲಿಗೆ ಬಿಳಿಚಿಕೊಂಡಿರುತ್ತದೆ, ಒಂದು ಬದಿಯಲ್ಲಿ ಹಳೆಯ ಅಕ್ಷರಗಳನ್ನು ಮುಚ್ಚಿದ ಹೊಸ ಬಣ್ಣದ ಚೌಕ, ಅದರೊಳಗೆ ಹೊಸ ಒಡೆಯನ ಅಕ್ಷರ ಮತ್ತು ಸಂಖ್ಯೆ. ಪೂರ್ತಿ ಬಣ್ಣ ಬಳಿಯುವ ಖರ್ಚು ಉಳಿಸುವ ಉಪಾಯವಿದು. ಇದಕ್ಕೆ ‘ತೇಪೆ’ ಎಂದೇ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯ ಪದ ಬೇಕಿಲ್ಲ.

1974ರ ಜುಲೈ ನಂತರ ತಯಾರಾದ ವ್ಯಾಗನ್‌ಗಳು ಕಂಪನಿಯಿಂದ ಕಂಪನಿಗೆ ಓಡಾಡಲು ಸಾಮಾನ್ಯವಾಗಿ 50 ವರ್ಷದ ಮಿತಿ ಇದೆ. ಎಪ್ಪತ್ತರ ದಶಕದವು ಈಗ ಒಂದೊಂದಾಗಿ ಗುಜರಿಯ ದಾರಿ ಹಿಡಿಯುತ್ತಿವೆ. ಇವನ್ನು ಹುಡುಕಿ ಬರೆದಿಡುವವರ ಆತುರ ಅದಕ್ಕೇ.

ನಮ್ಮಲ್ಲೂ ಹೀಗೆ ಹೆಸರಳಿದ ರೈಲ್ವೆಗಳಿವೆ: ಮೈಸೂರು ಸಂಸ್ಥಾನದ ರೈಲ್ವೆ, ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಗಳು 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಸೇರಿದವು. ಹುಬ್ಬಳ್ಳಿ, ಮೈಸೂರು ಕಾರ್ಖಾನೆಗಳಲ್ಲಿ ದುಡಿದ ಹಿರಿಯರು ನಿಮ್ಮ ಮನೆಗಳಲ್ಲಿದ್ದರೆ ದಯವಿಟ್ಟು ಕೇಳಿ: ವ್ಯಾಗನ್ನಿನ ಮೇಲಿನ ಒಡೆತನದ ಅಕ್ಷರಗಳನ್ನು ಕೆಲಸದವರು ಏನೆಂದು ಕರೆಯುತ್ತಿದ್ದರು? ಅಂಥ ಬಳಕೆಯ ಮಾತು ಸಿಕ್ಕರೆ ನನ್ನ ‘ಒಡೆತನದ ಮುದ್ರೆ’ಯನ್ನು ಸಂತೋಷದಿಂದ ಕೈಬಿಡುತ್ತೇನೆ.