ದೊಡ್ಡ ಪೋಸ್ಟರ್‌ಗೆ ಮನೆಯಲ್ಲೇ ಕಟ್ಟು ಹಾಕಬಹುದಾ?

ಮೂರನೇಮಹಡಿ:
ಅಪ್ಪ ಮೆಜೆಸ್ಟಿಕ್ ಹತ್ತಿರದ ಒಂದು ಥಿಯೇಟರಿನಲ್ಲಿ ಟಿಕೆಟ್ ಹರಿಯುತ್ತಿದ್ದರು. ಅಲ್ಲಿಂದ ತಂದ ಸಿನಿಮಾ ಪೋಸ್ಟರ್ ಮೂವತ್ತು ವರ್ಷದಿಂದ ಬೀರುವಿನಲ್ಲಿ, ಅಮ್ಮನ ಸೀರೆಗಳ ಕೆಳಗೆ ಮಡಚಿಕೊಂಡು ಕೂತಿತ್ತು. ಅಳತೆ 30x40 ಇಂಚು. ಮಡಿಕೆಗಳಲ್ಲಿ ಬಣ್ಣ ಉದುರಿದೆ, ಒಂದು ಮೂಲೆ ಹರಿದಿದೆ. ಕಟ್ಟು ಹಾಕಿಸೋಣ ಅಂತ ಅಂಗಡಿಗೆ ಒಯ್ದರೆ, 'ಎಂಡಿಎಫ್ ಹಲಗೆ ಮೇಲೆ ಅಂಟಿಸಿ ಲ್ಯಾಮಿನೇಷನ್ ಮಾಡಿಬಿಡ್ತೀನಿ ಸಾರ್' ಅಂದರು. ಯಾಕೋ ಧೈರ್ಯ ಬರಲಿಲ್ಲ, ವಾಪಸ್ ತಂದೆ. ನಾನೇ ಮಾಡಬಹುದಾ? ಬಾಡಿಗೆ ಮನೆ ಬೇರೆ. ಓನರ್ ಆಂಟಿ ಒಂದೇ ಒಂದು ಮೊಳೆಗೆ ಒಪ್ಪಿದ್ದಾರೆ.

ಫಿಲ್ಟರ್‌ಕಾಫಿ:
ಮೊಳೆ ಯಾಕೆ? ಡಬಲ್ ಸೈಡ್ ಟೇಪ್ ಹಾಕಿ ಗೋಡೆಗೆ ಒತ್ತಿ. ಮುಗೀತು.

ಹಳೇಕಾಗದ:
ಟೇಪೂ ಬೇಡ, ಲ್ಯಾಮಿನೇಷನ್ನೂ ಬೇಡ. ಅವೆನ್ಯೂ ರಸ್ತೆ ಕಡೆ 26 ವರ್ಷ ಬೈಂಡಿಂಗ್ ಕೆಲಸ ಮಾಡಿದವನು ನಾನು. ಒಂದು ಸಲ ಜುಲೈ ಮಳೆಯಲ್ಲಿ ಗಿರಾಕಿಯೊಬ್ಬರ ದೊಡ್ಡ ನಕ್ಷೆಯನ್ನು ಹಲಗೆಗೆ ಪೂರ್ತಿ ಅಂಟಿಸಿಕೊಟ್ಟೆ. ಶಿವರಾತ್ರಿ ಹೊತ್ತಿಗೆ ಹಲಗೆ ಬಿಲ್ಲಿನ ಹಾಗೆ ಬಾಗಿತ್ತು. ಕಾಗದ ತೇವಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಅದನ್ನು ಕಟ್ಟಿಹಾಕಬಾರದು. ಬಟ್ಟೆ ಒಣಹಾಕಿದ ಹಾಗೆ ಮೇಲಿಂದ ನೇತು ಹಾಕಬೇಕು, ಅಷ್ಟೇ.

ಮೊದಲು ಮಡಿಕೆ. ಇಸ್ತ್ರಿ ಪೆಟ್ಟಿಗೆ ಮುಟ್ಟಲೇಬೇಡಿ. ಎರಡು ಬಿಳಿ ಹಾಳೆಗಳ ನಡುವೆ ಇಟ್ಟು, ಮೇಲೆ ಪ್ಲೈವುಡ್, ಅದರ ಮೇಲೆ ಭಾರ. ಎರಡು ವಾರ ಬಿಡಿ. ನ್ಯೂಸ್‌ಪೇಪರ್ ಬೇಡ, ಮಸಿ ಅಂಟುತ್ತದೆ.

ಆಮೇಲೆ ಒಂದು ಚಮಚ ಮೈದಾಕ್ಕೆ ಐದು ಚಮಚ ನೀರು ಹಾಕಿ ಕುದಿಸಿ. ತೆಳು ಟಿಶ್ಯೂ ಕಾಗದದ ಮೂರು ಪಟ್ಟಿ ಕತ್ತರಿಸಿ, ಪೋಸ್ಟರಿನ ಮೇಲಂಚನ್ನು ಮಾತ್ರ ಹಿಂದಿನ ಬೋರ್ಡಿಗೆ ಹಿಡಿಸಿ. ಬೈಂಡಿಂಗ್ ಅಂಟಿಗೆ ಹುಳ ಬರದಿರಲಿ ಅಂತ ನಾವು ಮೈಲುತುತ್ತ ಹಾಕುತ್ತಿದ್ದೆವು. ನಿಮಗೆ ಬೇಡ, ಅಂಟಿರೋದೇ ಬೆರಳಗಲ. ಮುಂದೆ ಬೇಕಾದಾಗ ಒದ್ದೆ ಹತ್ತಿ ಒತ್ತಿದರೆ ಬಿಟ್ಟುಕೊಳ್ಳುತ್ತದೆ.

ಸುತ್ತ ಎರಡಿಂಚು ಮೌಂಟ್ ಬೋರ್ಡ್ ಬಿಡಿ. ಆಗ ಪೋಸ್ಟರ್ ಗಾಜಿಗೆ ತಾಗಲ್ಲ. ಕಟ್ಟು 34x44 ಆಗುತ್ತದೆ, ಪಟ್ಟಿ ಹದಿಮೂರು ಅಡಿ, ಜೊತೆಗೆ ಮೂಲೆ ಕತ್ತರಿಸೋಕೆ ಒಂದಡಿ ಜಾಸ್ತಿ. 4 ಮಿಮೀ ಗಾಜು ಹಾಕಿದರೆ ಗಾಜೊಂದೇ ಹತ್ತು ಕಿಲೋ ಹತ್ತಿರ. 3 ಮಿಮೀ ಅಕ್ರಿಲಿಕ್ ಮೂರೂವರೆ ಕಿಲೋ. ಆಂಟಿಯ ಒಂದು ಮೊಳೆಗೆ ಅಕ್ರಿಲಿಕ್ಕೇ ಸರಿ. ಗೀರು ಬೇಗ ಬೀಳುತ್ತದೆ, ಒಣ ಬಟ್ಟೆಯಲ್ಲಿ ಉಜ್ಜಬೇಡಿ.

ಮೂರನೇಮಹಡಿ:
ತುಂಬಾ ಥ್ಯಾಂಕ್ಸ್ ಸಾರ್. ಹರಿದ ಮೂಲೆಗೆ ಸೆಲ್ಲೋ ಟೇಪ್ ನಡೆಯುತ್ತಾ? ಯಾವ ಗೋಡೆ ಒಳ್ಳೇದು?

ಹಳೇಕಾಗದ:
ಅಯ್ಯೋ, ಬೇಡಪ್ಪಾ! ನಾಲ್ಕು ವರ್ಷಕ್ಕೆ ಹಳದಿ ಕಲೆ ಬೀಳುತ್ತೆ, ಅದು ಹೋಗಲ್ಲ. ಅದೇ ಟಿಶ್ಯೂ, ಅದೇ ಮೈದಾ, ಹಿಂದಿನಿಂದ. ಬಾತ್‌ರೂಮಿಗೆ ಅಂಟಿದ ಗೋಡೆ ಬೇಡ, ಬಿಸಿಲು ಬೀಳೋ ಗೋಡೆಯೂ ಬೇಡ. ಸಿಮೆಂಟ್ ಬ್ಲಾಕ್ ಗೋಡೆಗೆ ಮೊಳೆ ಹೊಡೆದರೆ ಪದರ ಎದ್ದು ಬರುತ್ತದೆ. ಡ್ರಿಲ್ ಮಾಡಿ, ತೂತಿಗೆ ಗಿಟ್ಟಿ (ಸ್ಕ್ರೂ ಹಿಡಿಯೋ ಪ್ಲಗ್) ಹಾಕಿ ಸ್ಕ್ರೂ ತಿರುಗಿಸಿ. ಕಟ್ಟಿನ ಕೆಳಗಿನ ಎರಡು ಮೂಲೆಗೆ ಹಿಂದೆ ರಬ್ಬರ್ ತುಂಡು ಅಂಟಿಸಿ, ಗಾಳಿ ಆಡಲಿ. ಕಟ್ಟು ನೇರ ಇದೆಯಾ ನೋಡೋಕೆ ರಸಮಟ್ಟ ಇಲ್ಲದಿದ್ದರೆ ಫೋನಿನಲ್ಲೇ ಇರುತ್ತದಂತೆ, ಮೊಮ್ಮಗ ಹೇಳಿದ.

ಮೂರನೇಮಹಡಿ:
ಪೋಸ್ಟರ್ ಈಗ ಪ್ಲೈವುಡ್ ಕೆಳಗಿದೆ, ಮೇಲೆ ಅಕ್ಕಿ ಮೂಟೆ. ಅಪ್ಪ ದಿನಾ ಒಂದು ಸಲ ಎತ್ತಿ ನೋಡುತ್ತಾರೆ, ಬೇಡ ಅಂದರೂ ಕೇಳಲ್ಲ. ಓನರ್ ಆಂಟಿಯೂ ಬಂದು ನೋಡಿದರು. ಈ ಸಿನಿಮಾನ ಮೂರು ಸಲ ನೋಡಿದ್ದೀನಿ ಅಂದರು. ಈಗ ಎರಡು ಮೊಳೆಗೆ ಒಪ್ಪಿದ್ದಾರೆ.