ಗುಂಪಿನಲ್ಲಿ ಕಿರುಚಿತ್ರ: ಮಾಡಿ ನೋಡಿದವರ ಅನುಭವಗಳು

ಕೋರಿಕೆ: ನಾವು ಕೆಲವು ವಿದ್ಯಾರ್ಥಿಗಳು ಸೇರಿ ಹತ್ತು ನಿಮಿಷದೊಳಗಿನ ಕಿರುಚಿತ್ರವೊಂದನ್ನು ಮಾಡಬೇಕಿದ್ದು, ಕೊನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಕೆಲಸದ ಅವಲೋಕನವನ್ನು ಬರೆದು ಒಪ್ಪಿಸಬೇಕಿದೆ. ಯಾವುದಕ್ಕೆ ಮೊದಲು ಗಮನ ಕೊಡಬೇಕೆಂದು ಅನುಭವವಿರುವವರು ದಯವಿಟ್ಟು ತಿಳಿಸಿ.

ಸಹಾಯಕ ನಿರ್ದೇಶನ ಮಾಡಿದವರು: ಯಾವ ಕ್ಯಾಮೆರಾ ಎಂಬ ಚರ್ಚೆಗೆ ಮೊದಲು, ಯಾವ ವಿಷಯದಲ್ಲಿ ಯಾರ ಮಾತು ಅಂತಿಮ ಎಂಬುದನ್ನು ಗೊತ್ತುಮಾಡಿಕೊಳ್ಳಿ. ಎಲ್ಲರೂ ಗೆಳೆಯರೇ ಆಗಿರುವ ತಂಡದಲ್ಲಿ ಪ್ರತಿ ಶಾಟ್ ಮುಗಿದೊಡನೆ ಎಲ್ಲರೂ ಕ್ಯಾಮೆರಾದ ಪರದೆಗೆ ಮುತ್ತಿಕೊಂಡು ಅಭಿಪ್ರಾಯ ಹೇಳತೊಡಗುತ್ತಾರೆ. ಅಷ್ಟರಲ್ಲಿ ಕಿಟಕಿಯ ಬಿಸಿಲು ಗೋಡೆಯಿಂದ ನೆಲಕ್ಕಿಳಿದು, ಅದೇ ಸಂಭಾಷಣೆಯ ಮುಂದಿನ ಶಾಟ್ ಬೇರೆ ಹೊತ್ತಿನದೆಂಬಂತೆ ಕಾಣುತ್ತದೆ. ಆದ್ದರಿಂದ ನಾವು ಚರ್ಚೆಗಳನ್ನೆಲ್ಲ ಚಿತ್ರಕಥೆಯ ಹಂತದಲ್ಲೇ ಮುಗಿಸಿ, ಸ್ಥಳದಲ್ಲಿ ನಟನೆಯ ಬಗ್ಗೆ ನಿರ್ದೇಶಕರು, ಚೌಕಟ್ಟಿನ ಬಗ್ಗೆ ಛಾಯಾಗ್ರಾಹಕರು, ಸಮಯದ ಬಗ್ಗೆ ಸಹಾಯಕ ನಿರ್ದೇಶಕರು ಹೇಳಿದ್ದೇ ಕೊನೆ ಎಂದು ಒಪ್ಪಿಕೊಂಡೆವು. ಸ್ನೇಹ ಉಳಿದದ್ದೂ ಇದರಿಂದಲೇ ಎಂದು ನನ್ನ ಅನಿಸಿಕೆ.

ಶಬ್ದಗ್ರಹಣ ನೋಡಿಕೊಂಡವರು: ಶಬ್ದದ ಹೊಣೆಯನ್ನು ಬೇರೆ ಕೆಲಸವಿಲ್ಲದವರ ಕೈಗೆ ಕೊಟ್ಟುಬಿಡುವುದು ವಾಡಿಕೆ. ಹಾಗೆ ಮಾಡಬೇಡಿ. ದೃಶ್ಯ ತುಸು ಮಬ್ಬಾದರೆ ನೋಡುಗರು ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಸಹಿಸುವುದಿಲ್ಲ. ಕ್ಯಾಮೆರಾದಲ್ಲೇ ಇರುವ ಮೈಕನ್ನು ನೆಚ್ಚದೆ, ಚೌಕಟ್ಟಿನೊಳಗೆ ಕಾಣದಂತೆ ಆದಷ್ಟೂ ನಟರ ಹತ್ತಿರಕ್ಕೆ ಬೇರೊಂದು ಮೈಕ್ ಹಿಡಿಯಿರಿ. ಧ್ವನಿಯನ್ನು ಪ್ರತ್ಯೇಕವಾಗಿ ಮುದ್ರಿಸುತ್ತಿದ್ದರೆ ಪ್ರತಿ ಟೇಕ್‌ಗೂ, ಅಂದರೆ ಶಾಟನ್ನು ತೆಗೆಯುವ ಪ್ರತಿ ಸಲವೂ, ಕ್ಯಾಮೆರಾದ ಮುಂದೆ ಜೋಡಿ ಹಲಗೆಯ ಕ್ಲಾಪ್ ಹೊಡೆಯಲೇಬೇಕು. ಹಲಗೆಗಳು ಕೂಡುವ ಫ್ರೇಮಿಗೆ (ಆ ಕ್ಷಣದ ಬಿಡಿ ಚಿತ್ರಕ್ಕೆ) ಆ ಸದ್ದನ್ನು ಹೊಂದಿಸಿದರೆ ತುಟಿಯೂ ಮಾತೂ ಒಂದಾಗುತ್ತವೆ. ಸ್ಥಳ ಬಿಡುವ ಮುನ್ನ ಎಲ್ಲರೂ ಮೌನವಾಗಿ ನಿಂತು, ಕೋಣೆಯ ಖಾಲಿ ಸದ್ದನ್ನು 30 ಸೆಕೆಂಡಾದರೂ ಮುದ್ರಿಸಿಕೊಳ್ಳಿ. ಮಾತುಗಳ ನಡುವೆ ಕತ್ತರಿಸಿದ ಜಾಗವನ್ನು ತುಂಬಲು ಅದು ಬೇಕೇಬೇಕು.

ಸಂಕಲನ ಮಾಡಿದವರು: ಸಂಕಲನಕಾರರನ್ನು ಚಿತ್ರೀಕರಣಕ್ಕೂ ಕರೆದೊಯ್ಯಿರಿ. ಇಬ್ಬರು ಎದುರುಬದುರು ಮಾತನಾಡುವಾಗ ಅವರ ನಡುವಿನ ಕಾಲ್ಪನಿಕ ಗೆರೆಯನ್ನು ಕ್ಯಾಮೆರಾ ದಾಟಿದರೆ, ಕತ್ತರಿಸಿ ಜೋಡಿಸಿದಾಗ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿರುವಂತೆ ಕಾಣುತ್ತದೆ. ಇಂಥದ್ದು ಸಂಕಲನಕಾರರ ಕಣ್ಣಿಗೆ ಬೇಗ ಬೀಳುತ್ತದೆ. ಪ್ರತಿ ಟೇಕ್ ಬಗ್ಗೆ ಒಂದೊಂದು ಸಾಲು ಬರೆದಿಡಿ, ಕ್ಯಾಮೆರಾದ ಮೆಮೊರಿ ಕಾರ್ಡ್ ಅಳಿಸುವ ಮುನ್ನ ಎರಡು ಕಡೆ ಪ್ರತಿ ಮಾಡಿಕೊಳ್ಳಿ.

ಅವಲೋಕನಕ್ಕೂ ಆ ಟಿಪ್ಪಣಿಗಳೇ ಆಧಾರ. ‘ಒಗ್ಗಟ್ಟಿನ ಮಹತ್ವ ತಿಳಿಯಿತು’ ಎಂಬ ವಾಕ್ಯ ಯಾವ ಚಿತ್ರಕ್ಕಾದರೂ ಸಲ್ಲುತ್ತದೆ, ಪರೀಕ್ಷಕರಿಗೂ ಅದು ಗೊತ್ತು. ಅದರ ಬದಲು, ಯಾವ ಶಾಟನ್ನು ಕೈಬಿಟ್ಟಿರಿ, ಅದು ಉಳಿಯಲೆಂದು ಯಾರು ವಾದಿಸಿದರು, ಬಿಟ್ಟ ಮೇಲೆ ಕಥೆಗೆ ಏನಾಯಿತು ಎಂಬುದನ್ನು ಬರೆಯಿರಿ. ಕಷ್ಟಪಟ್ಟು ತೆಗೆದ ಶಾಟನ್ನು ಬಿಡಲು ತೆಗೆದವರಿಗೆ ಮನಸ್ಸು ಬರುವುದಿಲ್ಲವಾದ್ದರಿಂದ, ಅದು ಇರುವ ಮತ್ತು ಇಲ್ಲದ ಎರಡೂ ರೂಪಗಳನ್ನು ಚಿತ್ರಕಥೆ ಓದಿರದ ಯಾರಿಗಾದರೂ ತೋರಿಸಿ, ಅವರು ಎಲ್ಲಿ ಗೊಂದಲಗೊಂಡರೆಂದು ಕೇಳಿ ತೀರ್ಮಾನಿಸುವುದು ಒಳ್ಳೆಯದು.